ಕೂಸಿನ ಕೆನ್ನೆಯ ಕರಿ ಬೊಟ್ಟು

"ಇನ್ನೊಂದು ಹೆಜ್ಜಿ ಮುಂದ ಇಟ್ರ ಹೊಯ್ತೀನಿ, ಅಣವೀರ."

ಪೇಂಟರ್ ಸಂಘಪಾಲನ ಕೈಯಲ್ಲಿ ಬಕೆಟ್ ತುಂಬ ಕೆಂಪು ಎನಾಮಲ್. ನನ್ನ ಮೈಮೇಲೆ ಹೊಸ ಬಿಳಿ ಅಂಗಿ...

ನಿಂತೆ.

ಈ ಪತ್ತೇದಾರಿ ಧಂದೆಯಲ್ಲಿ ಚಾಕು ಕಂಡಿದ್ದೇನೆ, ಲಾಠಿ ಕಂಡಿದ್ದೇನೆ. ಆದರೆ ಎನಾಮಲ್ ಯಾವ ಸಾಬೂನಿಗೂ ಬಗ್ಗುವುದಿಲ್ಲ, ನೆನಪಿರಲಿ!

ವಾಡಿಯ ಚರ್ಚ್‌ನಿಂದ ಶಹಾಬಾದಿನ ಈ ಹಾಸುಗಲ್ಲು ಮಾರುವ ಅಡ್ಡೆಯವರೆಗೆ ಅವನ ಸ್ಕೂಟರಿನ ಬೆನ್ನು ಹತ್ತಿದ್ದೆ. ಯಾಕೆ? ಕೇಳಿ. ಆ ಚರ್ಚ್‌ನ ಬಲಿಪೀಠದ ಹಿಂದೆ ಗೋಡೆಯೆತ್ತರದ ಚಿತ್ರವಿದೆ. ತಾಯಿ ಮರಿಯಳ ತೊಡೆಯ ಮೇಲೆ ಬಾಲ ಯೇಸು. ನಕ್ಷತ್ರ ನೋಡಿಕೊಂಡು ಮೂಡಣದಿಂದ ಬಂದ ಮೂವರು ಜ್ಞಾನಿಗಳು ಕಾಣಿಕೆ ಹಿಡಿದು ಎದುರಿಗೆ. ಮಾಸಿದ ಚಿತ್ರಕ್ಕೆ ಸಂಘಪಾಲ ಹೊಸ ಬಣ್ಣ ಹಚ್ಚಿದ್ದ. ಅವತ್ತು ಬಿಷಪ್ ಬಂದು ನೋಡುವವರಿದ್ದರು. ಬೆಳಿಗ್ಗೆ ಫಾದರ್ ಪರದೆ ಸರಿಸಿದರೆ...

ಕೂಸಿನ ಕೆನ್ನೆಯ ಮೇಲೆ ಕರಿ ಬೊಟ್ಟು!

"ಪೇಂಟರನದೇ ಕಿತಾಪತಿ. ಬಿಷಪ್ ಬರೂದ್ರಾಗ ಹಿಡ್ಕೊಂಡ ಬರ್ರಿ, ಇಲ್ಲಂದ್ರ ಪೊಲೀಸರಿಗಿ ಕೊಡ್ತೀನಿ" ಎಂದಿದ್ದರು ಫಾದರ್.

"ಯಾಕ ಓಡಿದಿ?" ಎಂದು ಸಂಘಪಾಲನನ್ನು ಕೇಳಿದೆ.

"ನೀ ಯಾಕ ಬೆನ್ನ ಹತ್ತಿದಿ?"

ಪಾಯಿಂಟು.

"ಆ ಕೂಸಿನ ಮುಖ ನನ್ನ ಮಗಳು ಲುಂಬಿನಿ ಸಣ್ಣಾಕಿದ್ದಾಗಿನ ಫೋಟೊ ನೋಡಿ ತಿದ್ದೀನಿ. ಅದಕ್ಕ ನಾ ಮಸಿ ಬಳೀತೀನೇನು?"

ನನಗೆ ಪಾಪ ಅನ್ನಿಸಿತು. ಬಕೆಟ್ ಇಡಿಸಿ ಬೈಕ್ ಹತ್ತಿಸಿಕೊಂಡೆ.

ಚರ್ಚ್‌ನಲ್ಲಿ ಬೊಟ್ಟನ್ನು ಮುಟ್ಟಿದೆ. ಇನ್ನೂ ಹಸಿ. ಮೂಸಿದೆ.

ಔಡಲೆಣ್ಣೆ!

ಪೇಂಟ್ ಅಲ್ಲ, ಮನೆಯಲ್ಲಿ ದೀಪದ ಮಸಿಯಿಂದ ಮಾಡಿದ ಕಾಡಿಗೆ. ಮೆಲ್ಲಗೆ ತಿರುಗಿದೆ. ಕಸ ಗುಡಿಸುತ್ತಿದ್ದ ಮರೆಮ್ಮ ಬಲಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ಬೆರಳು ತೋರಸು, ಯವ್ವಾ."

ತೋರಿಸಿದಳು. ಕರಿ.

"ಮತ್ತೇನ್ ಮಾಡ್ಲಿ? ಮೂರು ಮಂದಿ ಗುರುತಿಲ್ಲದ ಗಂಡಸರು ಕೂಸಿನ್ನೇ ಮಿಕಿಮಿಕಿ ನೋಡಾಕತ್ತಾರ. ಕೂಸಿನವ್ವ ಹಸಿ ಬಾಣಂತಿ, ಅಕಿಗೇನು ಲಕ್ಷ್ಯ? ಇವ ಬಣ್ಣ ಹಚ್ಚಿದ ಮ್ಯಾಲ ಕೂಸು ಭಾಳ ಚಂದ ಕಾಣ್ತದ. ಕೆಟ್ಟ ಕಣ್ಣು ಬಿದ್ದು ನದರ ಹತ್ತಂಗಿಲ್ಲೇನು? ಬೇಕಾದ್ರ ಒರಸ್ರಿ. ಕೂಸಿಗಿ ಜ್ವರ ಬಂದ್ರ ನನ್ನ ಕೇಳಬ್ಯಾಡ್ರಿ."

ಫಾದರ್ ನನ್ನ ಕೈಗೆ ಬಟ್ಟೆ ಕೊಟ್ಟರು. ಕೈ ಎತ್ತಿದೆ. ಚಿತ್ರದ ತಾಯಿ ನನ್ನನ್ನೇ ನೋಡುತ್ತಿದ್ದಳು... ಬಟ್ಟೆಯನ್ನು ಸಂಘಪಾಲನಿಗೆ ದಾಟಿಸಿದೆ.

"ನಾವು ಬೌದ್ಧರು, ಇದೆಲ್ಲ ನಂಬಂಗಿಲ್ಲ" ಎಂದ ಅವನು. "ಆದ್ರ ಕೂಸಿನ ವಿಷಯ. ಫಾದರ್, ನೀವೇ ಒರಸ್ರಿ."

ಫಾದರ್ ಬಟ್ಟೆ ಹಿಡಿದು ಕಲ್ಲಾಗಿ ನಿಂತರು. ಅಷ್ಟರಲ್ಲಿ ಹೊರಗೆ ಕಾರು ನಿಂತಿತು.

ಬಿಷಪ್ ಬಂದರು. ನೋಡಿದರು. ಫಾದರ್ ಕೈಯಿಂದ ಬಟ್ಟೆ ಕಿತ್ತುಕೊಂಡರು. ಸಂಘಪಾಲ ಕಣ್ಣು ಮುಚ್ಚಿದ.

ಬಿಷಪ್ ತಮ್ಮ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಅಂಗಾಲಿಗಿ ಯಾಕ ಹಚ್ಚಿಲ್ಲ? ನಮ್ಮವ್ವ ಅಂಗಾಲಿಗೂ ಹಚ್ಚತಿದ್ದಳು."

ಫಾದರ್ ಸಂಘಪಾಲನ ಕೈ ಹಿಡಿದು "ತಪ್ಪಾಯ್ತಪ್ಪ" ಎಂದರು.

"ಕಾಡಿಗಿ ಡಬ್ಬಿ ಮನ್ಯಾಗದ" ಎಂದಳು ಮರೆಮ್ಮ.

ಎಲ್ಲರೂ ನನ್ನ ಕಡೆ ತಿರುಗಿದರು. ಡಬ್ಬಿ ತರಲು ಮರೆಮ್ಮನನ್ನು ಬೈಕ್ ಹತ್ತಿಸಿಕೊಂಡೆ.

ಈ ಧಂದೆಯಲ್ಲಿ ಎಷ್ಟೋ ಆರೋಪಿಗಳನ್ನು ಬೈಕಿನ ಮೇಲೆ ಸಾಗಿಸಿದ್ದೇನೆ. ಅದೇ ಅಪರಾಧವನ್ನು ಇನ್ನೊಮ್ಮೆ ಮಾಡಿಸಲು ಸಾಗಿಸಿದ್ದು ಅವತ್ತೇ ಮೊದಲು.