ಆಚಾರಿ ಮನೆಯ ಬಾಗಿಲುವಾಡ

"ಆ ಬಾಗಿಲುವಾಡಕ್ಕೆ ಮಾತ್ರ ಮೊಳೆ ಹೊಡೀಬ್ಯಾಡಿ ಸಾ. ಜಪ್ತಿ ಬೋರ್ಡ್ನ ಗೋಡೆಗೆ ಹಾಕ್ಬುಡಿ," ಎಂದ ಜೀಪಿನ ಡ್ರೈವರ್ ಚಿಕ್ಕಸ್ವಾಮಿ. "ಆಚಾರಿ ಸಾಯೋಕ್ ಮುಂಚೆ ಅದ್ಕೆ ಮಂತ್ರದ ಕಟ್ಟು ಹಾಕವ್ರೆ. ಕಬ್ಬಿಣ ಇಳಿಸ್ದೋನ್ನ ಅದು ಬುಡಾಕಿಲ್ಲ."

ಲೋಹಿತ್ ನಕ್ಕ. ಗೃಹಸಾಲದ ಕಂಪನಿಯ ವಸೂಲಿ ಅಧಿಕಾರಿಯಾಗಿ ಮೈಸೂರಿನಿಂದ ಚಿನಕುರಳಿ ಕಡೆಗೆ ಬಂದು ಇನ್ನೂ ತಿಂಗಳಾಗಿರಲಿಲ್ಲ, ಆಗಲೇ ಊರಿನವರೆಲ್ಲ ದಡ್ಡರು ಎಂದು ತೀರ್ಮಾನಿಸಿಬಿಟ್ಟಿದ್ದ ಮಹಾನುಭಾವ. "ಸತ್ತೋರಿಗೆಲ್ಲ ಹೆದರಿದ್ರೆ ನನ್ನ ಸಂಬಳ ನೀನು ಕೊಡ್ತೀಯೇನಪ್ಪ?"

ನಡುಮಧ್ಯಾಹ್ನದ ಬಿಸಿಲು ಹೊಸ್ತಿಲ ತನಕ ಬಂದು ನಿಂತಿತ್ತು. ಒಳಗೆ ಕಗ್ಗತ್ತಲೆ. ಹಲಸಿನ ಮರದ ಬಾಗಿಲುವಾಡದಲ್ಲಿ ಒಂದೇ ಒಂದು ಮೊಳೆಯಿರಲಿಲ್ಲ; ಎಲ್ಲವನ್ನೂ ಮರದ ಬೆಣೆಗಳಿಂದಲೇ ಕೂಡಿಸಿದ್ದರು. ಅರಿಶಿನ, ಎಣ್ಣೆ, ಅದರಡಿಯಲ್ಲಿ ಹಸಿಮಾಂಸದ ಸಣ್ಣ ವಾಸನೆ.

ಆಚಾರಿಯ ಹೆಂಡತಿ ಸುಬ್ಬಮ್ಮ ಹೊರಗೆ ಬಂದಳು. "ಕಂತು ತಪ್ಪೈತೆ, ಇಲ್ಲ ಅನ್ನಾಕಿಲ್ಲ. ಕಂತು ಇಳಿಸ್ಕೊಡಿ, ಕಟ್ತೀನಿ ಅಂತ ನಿಮ್ ಕೈಗೇ ಅರ್ಜಿ ಕೊಟ್ಟಿದ್ನಲ್ಲ ಸಾ. ಅದ್ರ ಜವಾಬು ಬರೋಗಂಟ ತಡೀರಿ."

"ಮೇಲಿನವರು ನೋಡ್ತಾರಮ್ಮ," ಎನ್ನುತ್ತ ಲೋಹಿತ್ ಜಪ್ತಿಯ ತಗಡನ್ನು ಬಾಗಿಲುವಾಡಕ್ಕೆ ಒತ್ತಿ, ಮೊಳೆಯಿಟ್ಟು ಸುತ್ತಿಗೆ ಬೀಸಿದ.

ಮೊಳೆ ಬೆಣ್ಣೆಗೆ ಇಳಿದಂತೆ ಇಳಿಯಿತು. ಎಡಗೈ ತೆಗೆಯಹೋದ. ಬರಲಿಲ್ಲ. ಬೆರಳುಗಳು ಮೊಳೆಗೆ ಅಂಟಿಕೊಂಡಿದ್ದವು. ಬಲಗೈ ತಾನಾಗಿಯೇ ಎದ್ದಿತು. ಬೇಡ ಅಂದ. ಸುತ್ತಿಗೆ ಬಿತ್ತು. ಹೆಬ್ಬೆರಳು ಜಜ್ಜಿಹೋಯಿತು. ಮತ್ತೆ ಎದ್ದಿತು. ಮತ್ತೆ ಬಿತ್ತು. ಮೂಳೆ ಲಟಕ್ಕೆಂದಿತು. ಬಿಳಿಯ ಚೂರೊಂದು ಚರ್ಮ ಸೀಳಿ ಹೊರಬಂತು. ತಡೆಯಲು ಬಂದ ಚಿಕ್ಕಸ್ವಾಮಿಯನ್ನು ಅದೇ ಕೈ ಅಂಗಳಕ್ಕೆ ಬಡಿದು ಬಿಸಾಡಿತು. ತಗಡಿನ ಮೇಲೆ ನೆತ್ತರು ಹರಿಯಿತು. ಮರ ಅದನ್ನು ಹೀರಿತು. ಗುಟುಕು ಗುಟುಕಾಗಿ ಹೀರುವ ಸದ್ದು ಕೇಳಿಸಿತು.

"ಮೊಳೆ ಕೀಳಮ್ಮ... ಕೀಳು..." ಲೋಹಿತ್ ಅರಚಿದ.

ಸುಬ್ಬಮ್ಮ ಒಳಗೋಡಿ ಗಂಡನ ಇಕ್ಕಳ ತಂದಳು. ಮೊಳೆಗೆ ಹಾಕಿಯೂ ಹಾಕಿದಳು. ಅಲ್ಲೇ ತಡೆದಳು.

"ಕಿತ್ರೆ ನಮ್ಮೆಜಮಾನ್ರ ಕಟ್ಟು ಹೋಯ್ತದೆ. ಆಮ್ಯಾಕೆ ಈ ಮನೆಗೆ ಆ ಅರ್ಜಿ ಒಂದೇ ಗತಿ. ಕಳ್ಸಿದ್ದೀರಾ ಸಾ?"

"ಕಳ್ಸಿದ್ದೀನಿ! ತಾಯಾಣೆ..."

ಅಂಗಳದಲ್ಲಿ ಬಿದ್ದಿದ್ದ ಚಿಕ್ಕಸ್ವಾಮಿ ಬಾಯಲ್ಲಿದ್ದ ನೆತ್ತರು ಉಗಿದ. "ಇಲ್ಲ ಕಣಕ್ಕ. ಅವತ್ತೇ ಜೀಪಲ್ಲಿ ಅರ್ದು ಎಸುದ್ಬುಟ್ರು. ಮನೆ ಅರಾಜಾದ್ರೆ ಇವ್ರಿಗೆ ಕಮಿಷನ್ನು."

ಸುಬ್ಬಮ್ಮ ಲೋಹಿತನ ಮುಖ ನೋಡಿದಳು. ಅವನು ಕಣ್ಣು ತಪ್ಪಿಸಿದ. ಅವಳು ಇಕ್ಕಳವನ್ನು ಮೊಳೆಯಿಂದ ಮೆಲ್ಲಗೆ ಬಿಡಿಸಿಕೊಂಡಳು.

"ಅಂಗಾದ್ರೆ ನಂಗೆ ಮನೆನೇ ಇರ್ಲಿ ಸಾ."

ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಸುತ್ತಿಗೆ ಮೇಲೆದ್ದಿತು. ಈ ಸಲ ಅದು ಅವನ ಹಣೆಯತ್ತ ತಿರುಗಿತು.

ಕಿರುಚಾಟ ಬೇಗನೆ ನಿಂತಿತು. ಏಟಿನ ಸದ್ದು ಮಾತ್ರ ಸಂಜೆವರೆಗೂ ಕೇಳುತ್ತಿತ್ತು.