ಎಡ ತೋರುಬೆರಳಿನ ಹುಣ್ಣು

ತಮ್ಮನ ಎಡ ತೋರುಬೆರಳಿನ ಹುಣ್ಣಿನಲ್ಲಿ ಅವಿತಿದ್ದ ಕಳ್ಳ ಕೊನೆಗೂ ಸಿಕ್ಕಿಬಿದ್ದಿದ್ದ. ಮೂರು ತಿಂಗಳು ಎಲ್ಲ ಔಷಧಿಗಳಿಗೂ ಚಳ್ಳೆಹಣ್ಣು ತಿನ್ನಿಸಿದ ಅಪರೂಪದ ಬ್ಯಾಕ್ಟೀರಿಯಾ ಅದು. ಅಕ್ಕ ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿನಲ್ಲಿ, ಕಡಿಮೆ ಶಾಖದ ಪೆಟ್ಟಿಗೆಯಲ್ಲಿ ನಿಧಾನವಾಗಿ ಬೆಳೆದು ಗುರುತು ಬಿಟ್ಟುಕೊಟ್ಟಿತ್ತು.

ಶಸ್ತ್ರವೈದ್ಯರು ಮಾತ್ರ ಒಪ್ಪಲಿಲ್ಲ.

“ಇದು ಮೀನು ಸಾಕೋ ನೀರಲ್ಲಿರೋದು. ನಿಮ್ಮ ತಮ್ಮ ಮೀನೇ ಮುಟ್ಟಿಲ್ಲ ಅಂತಾನೆ. ಸ್ಯಾಂಪಲ್ ಅದಲುಬದಲಾಗಿದೆ. ನಾಳೆ ಬೆರಳು ತೆಗೆಯೋದೇ.”

“ಎಲ್ಲಿಂದ ಬಂತು ಅಂತ ತೋರಿಸಿದ್ರೆ?”

“ತೋರಿಸಿ. ಆಪರೇಷನ್ ನಿಲ್ಲಿಸ್ತೀನಿ.”

ಅಕ್ಕ ನೇರ ತಮ್ಮನ ಕಚೇರಿಗೆ ನಡೆದಳು. ದಿನವಿಡೀ ದಾಖಲೆಗಳಿಗೆ ಮುದ್ರೆ ಒತ್ತುವ ಗುಮಾಸ್ತ ಅವನು. ಎಷ್ಟೇ ಭಯವಿದ್ದರೂ ಬಾಯಿಬಡಾಯಿಗೆ ಕಡಿಮೆಯಿಲ್ಲ.

“ಹೋದ್ರೆ ಹೋಗ್ಲಿ ಬಿಡಕ್ಕಾ, ಇನ್ನೂ ಒಂಬತ್ತಿವೆ.”

“ಬಾಯ್ಮುಚ್ಚು. ಕೆರೆ, ಈಜುಕೊಳ?”

“ಸ್ನಾನಕ್ಕೇ ಸೋಮಾರಿ ನಾನು.”

“ಮೀನಿನ ತೊಟ್ಟಿ?”

“ಸಾಹೇಬರ ಕೋಣೇಲಿದೆ. ಅಲ್ಲಿಗೆ ಇಣುಕಿದ್ರೇ ಬೈಗುಳ, ಇನ್ನು ಕೈ ಎಲ್ಲಿ ಹಾಕ್ಲಿ?”

ಅವನದು ಬಲಗೈ ರೂಢಿ. ಹಾಗಾದರೆ ಹುಣ್ಣು ಎಡಗೈಗೇಕೆ?

“ಕೆಲಸ ಮಾಡು, ನೋಡ್ತೀನಿ.”

ಬಲಗೈ ಮುದ್ರೆ ಒತ್ತಿತು. ಹಾಳೆ ತಿರುವಲು ಎಡಗೈಯ ಪಟ್ಟಿ ಕಟ್ಟಿದ ಬೆರಳು ತಾನಾಗಿಯೇ ಒದ್ದೆ ಸ್ಪಂಜಿನ ಬಟ್ಟಲಿನತ್ತ ಹೋಗಿ, ಅರ್ಧದಲ್ಲೇ ನಿಂತಿತು.

“ಕಾಗದದ ಅಂಚು ಬೆರಳು ಕೊಯ್ಯುತ್ತಾ?”

“ದಿನಾ!”

ಅಕ್ಕ ಬಟ್ಟಲಿನತ್ತ ಬಗ್ಗಿದಳು. ಸ್ಪಂಜಿನ ಪಕ್ಕ ಒಂದು ಕೆಂಪು ಚೂರು.

“ಇದೇನು?”

“ಅರಗು. ಲಕೋಟೆಗೆ ಹಾಕ್ತೀವಲ್ಲ.”

ಚೀಲದಿಂದ ಚಿಮಟ ತೆಗೆದು ಒತ್ತಿದಳು. ಚೂರು ಮೆತ್ತಗೆ ಹಿಸುಕಿಹೋಯಿತು.

“ಅರಗು ನೀರಲ್ಲಿ ನೆನೆಯುತ್ತೇನೋ ಪೆದ್ದಾ? ಇದು ಮೀನಿನ ಆಹಾರ! ಈ ಬಟ್ಟಲಿಗೆ ನೀರು ತುಂಬೋರು ಯಾರು?”

ಕಸ ಗುಡಿಸುತ್ತಿದ್ದ ಆಯಾ ಪೊರಕೆ ಬಿಟ್ಟು ಮುಂದೆ ಬಂದಳು. ತಮ್ಮ ಅವಳನ್ನು ದೊಡ್ಡಮ್ಮ ಎಂದೇ ಕರೆಯುತ್ತಿದ್ದ.

“ನಾನೇ ಕಣಮ್ಮ. ನಲ್ಲಿ ಕೆಳಗಿನ ಮಹಡೀಲಿ, ನಂಗೆ ಮಂಡಿ ನೋವು. ಸಾಹೇಬರ ಮೀನಿನ ನೀರು ಬದಲಾಯಿಸುವಾಗ ಒಂದು ಲೋಟ ಇದಕ್ಕೂ ಹಾಕ್ತಿದ್ದೆ. ಕುಡಿಯೋ ನೀರಲ್ವಲ್ಲ ಅಂತ…”

ಅಕ್ಕ ಅಲ್ಲಿಂದಲೇ ಫೋನ್ ಮಾಡಿದಳು.

“ಡಾಕ್ಟ್ರೇ, ಇವನು ಮೀನಿನ ಹತ್ತಿರ ಹೋಗಿಲ್ಲ, ಮೀನಿನ ನೀರೇ ಇವನ ಮೇಜಿಗೆ ಬಂದಿದೆ. ಕಾಗದ ಕೊಯ್ದ ಬೆರಳನ್ನ ದಿನಾ ಅದರಲ್ಲೇ ಅದ್ದಿದಾನೆ.”

ಆ ಕಡೆ ವೈದ್ಯರು ಹಾಳೆ ತಿರುವಿದ ಸದ್ದು.

“ಬಟ್ಟಲು ತನ್ನಿ. ನಾಳೆ ಆಪರೇಷನ್ ಇಲ್ಲ. ಇದಕ್ಕೆ ತಕ್ಕ ಮಾತ್ರೆ ಶುರು ಮಾಡೋಣ.”

ಆಯಾ ಸೆರಗಿನಿಂದ ಕಣ್ಣೊರೆಸಿಕೊಂಡಳು. “ನನ್ನ ಕೈಯಾರೆ ನಿನ್ನ ಬೆರಳು ಹಾಳು ಮಾಡ್ತಿದ್ದೆನಲ್ಲಪ್ಪಾ.”

ತಮ್ಮ ಏನೋ ತಮಾಷೆ ಮಾಡಲು ಬಾಯಿ ತೆರೆದ. ಆದರೆ ದೊಡ್ಡಮ್ಮನ ಹೆಗಲಿಗೆ ಮುಖವಿಟ್ಟು ಬಿಕ್ಕಿಬಿಕ್ಕಿ ಅತ್ತ.