ಮೂರು ಸುಳ್ಳು ಚಿಟ್ಟೆಗಳು

ದೆಲ್ವಿನಾಳನ್ನು ಮೊದಲು ನೋಡಿದಾಗ ಅವಳು ನಮ್ಮ ಕೋಸಿನ ಹೊಲದ ಕೆಳಗಿನ ತೊರೆಯ ದಡದಲ್ಲಿ, ಒದ್ದೆ ಮರಳಿಗೆ ಮೂಗು ತಾಗುವಷ್ಟು ಬಗ್ಗಿ ಕೂತಿದ್ದಳು.

"ಕಿವಿಯೋಲೆ ಬಿತ್ತಾ?" ಅಂದೆ.

"ಶ್! ಅಲ್ಲಾಡ್ಬೇಡಿ. ನಿಮ್ಮ ಬೂಟಿನ ಹತ್ರಾನೇ ಇದೆ."

ಹೆಬ್ಬೆರಳ ಉಗುರಿನಷ್ಟು ಚಿಟ್ಟೆ. ಮುಚ್ಚಿದ್ದಾಗ ಒಣ ಎಲೆಯ ಚೂರು. ರೆಕ್ಕೆ ತೆರೆದಾಗ ಮಾತ್ರ ನೀಲಿ, ಕಿನಬಾಲು ಬೆಟ್ಟದ ನೆತ್ತಿಯಿಂದ ಮಂಜು ಸರಿದ ಮೇಲಿನ ಆಕಾಶದ ನೀಲಿ. ಅದು ಹಾರಿಹೋಯಿತು. ಅವಳು ತಲೆಯೆತ್ತಿ, ಮರಳು ಮೆತ್ತಿದ ಗಲ್ಲದಲ್ಲೇ ನಕ್ಕಳು. ನಾನು ಅಲ್ಲೇ ಸೋತೆ.

ನಮ್ಮ ತೊರೆ, ಬೆಟ್ಟದಾಚೆಯ ಮೊಲಿಂಗು ತೊರೆ. ಎರಡರಲ್ಲಿ ಈ ಚಿಟ್ಟೆ ಎಲ್ಲಿ ಹೆಚ್ಚೋ ಅಲ್ಲಿಯ ಕಾಡನ್ನು ಮಾತ್ರ ಕೊಡಲಿಗೆ ಬೀಳದಂತೆ ಉಳಿಸುವುದು ಅವಳು ಕೆಲಸ ಮಾಡುವ ಅರಣ್ಯ ಕಚೇರಿಯ ಯೋಜನೆ. ಶನಿವಾರ ಅವಳು ಬಂದು ನೋಡುತ್ತಿದ್ದಳು. ಉಳಿದ ದಿನ ಕಂಡದ್ದನ್ನು ನಾನು ಹೇಳಬೇಕು. ಇಲ್ಲಿ ಕಾಣದಿದ್ದರೆ ಅವಳು ಮೊಲಿಂಗುವಿಗೇ ಹೋಗಿಬಿಡುತ್ತಾಳೆ.

ಎರಡು ತಿಂಗಳಾದ ಮೇಲೆ ಒಂದೂ ಕಾಣಲಿಲ್ಲ.

"ಈ ವಾರ?" ಅನ್ನುವಾಗ ಅವಳ ಎಡಹುಬ್ಬು ಮಾತ್ರ ಮೇಲೇರುತ್ತಿತ್ತು.

"ಒಂದು ಕಂಡೆ," ಅಂದೆ.

"ನನಗೇ ಯಾಕೆ ಕಾಣಲ್ಲ?"

"ನನ್ನನ್ನೇ ನೋಡ್ತಾ ಕೂತ್ರೆ ಹೇಗೆ ಕಾಣುತ್ತೆ?"

"ಅಬ್ಬಾ, ಕೋಸು ಮಾರೋನ ಜಂಬ ನೋಡು!" ಅಂದಳು. ಕಿವಿ ಕೆಂಪಾಗಿತ್ತು.

ಹಾಗೆ ಮೂರು ವಾರ, ಮೂರು ಸುಳ್ಳು. ಅಮ್ಮ ಕಾಡುಶುಂಠಿಯ ಉಪ್ಪಿನಕಾಯಿಯನ್ನು ಅವಳ ಚೀಲಕ್ಕೆ ತುರುಕಿ, "ಮಗಳೇ, ಮುಂದಿನ ವಾರ ಬೇಗ ಬಾ," ಅನ್ನುವಾಗ ನಾನು ನೆಲ ನೋಡುತ್ತಿದ್ದೆ.

ನಾಲ್ಕನೇ ಶನಿವಾರ ಅವಳು ಕುಣಿಯುತ್ತಾ ಬಂದಳು. "ನಿಮ್ಮ ತೊರೆ ಗೆದ್ದಿತು, ಜುಮಿನ್! ಎರಡೇ ಚಿಟ್ಟೆ ಹೆಚ್ಚು. ಸೋಮವಾರ ವರದಿ ಕೊಡ್ತೀನಿ. ಪಾಪ, ಮೊಲಿಂಗುವಿನಲ್ಲಿ ಮರ ಕಡಿಯೋಕೆ ಶುರು ಮಾಡಿದ್ದಾರಂತೆ."

ನಾನು ಉಣ್ಣುತ್ತಿದ್ದ ತಟ್ಟೆಯನ್ನು ಕೆಳಗಿಟ್ಟೆ.

"ಕೊನೇ ಮೂರು ಸುಳ್ಳು."

"ಏನು?"

"ನಾನು ಚಿಟ್ಟೆ ನೋಡಿಲ್ಲ. ಇಲ್ಲ ಅಂದ್ರೆ ನೀನು ಬರೋದು ನಿಲ್ಲಿಸ್ತೀಯ ಅಂತ..."

ಅವಳು ಕಿರುಚಲಿಲ್ಲ. ಕಿರುಚಿದ್ದರೆ ಚೆನ್ನಾಗಿತ್ತು.

"ನನಗೋಸ್ಕರ ಒಂದು ಕಾಡು ಹೋದ್ರೂ ಹೋಗ್ಲಿ ಅಂದ್ಯಾ? ಬಾ ಅಂತ ಒಂದು ಮಾತು ಹೇಳೋಕಾಗ್ಲಿಲ್ವಾ ನಿನಗೆ?"

ಅವಳ ಜೀಪು ಹೊರಟುಹೋಯಿತು. ಅವಳ ತಪ್ಪಿಲ್ಲ, ಸುಳ್ಳು ಹೇಳಿದ್ದು ನಾನು ಎಂದು ಕಚೇರಿಗೆ ನನ್ನ ಹೆಸರಲ್ಲೇ ಕಾಗದ ಬರೆದೆ. ಉತ್ತರ ಬರಲಿಲ್ಲ. ಐದು ತಿಂಗಳು ಕೋಸು ಕೊಯ್ದೆ, ಲಾರಿಗೆ ತುಂಬಿದೆ. ಬೆಟ್ಟದಾಚೆಯಿಂದ ಗರಗಸದ ಸದ್ದು ಬಂದಂತಾದಾಗಲೆಲ್ಲ ಕೈ ನಿಂತುಬಿಡುತ್ತಿತ್ತು.

ಒಂದು ಮಧ್ಯಾಹ್ನ ಹೊಲದ ಬದುವಿನ ಮೇಲೆ ಅವಳು ನಿಂತಿದ್ದಳು. ಬಲೆಯಿಲ್ಲ, ಚೀಲವಿಲ್ಲ.

"ಮೊಲಿಂಗು ಉಳೀತು," ಅಂದಳು. "ಅದರ ಮೇಲಿನ ಇಳಿಜಾರಿನ ಕಾಡು ಉಳೀಲಿಲ್ಲ. ನಿನ್ನ ಮಾತು ನಂಬಿ ನಾನು ತಡ ಮಾಡಿದ್ನಲ್ಲ, ಆಗ ಹೋಯ್ತು. ಅದನ್ನ ನಾನು ಮರೆಯಲ್ಲ."

"ನಾನೂ ಮರೆಯಲ್ಲ."

"ಮರೀಬಾರದು."

ಅವಳು ಚಪ್ಪಲಿ ಬಿಟ್ಟು ಬದುವಿನ ಮೇಲೆ ಕೂತಳು. ನಾನು ಒಂದು ಮಾರು ದೂರದಲ್ಲೇ ನಿಂತೆ. ಹತ್ತಿರ ಹೋಗುವ ಹಕ್ಕು ನನಗಿರಲಿಲ್ಲ.

"ಇಲ್ಲಿ ನಿನಗೆ ಇನ್ನೇನೂ ಕೆಲಸ ಇಲ್ವಲ್ಲ, ದೆಲ್ವಿನಾ?"

"ಇಲ್ಲ," ಅಂದಳು, ಪಕ್ಕದ ಮಣ್ಣನ್ನು ಅಂಗೈಯಿಂದ ಸವರಿ ಜಾಗ ಮಾಡುತ್ತಾ. "ಅದಕ್ಕೇ ಬಂದೆ."